ಮೆತ್ತನೆಯ ಮಣ್ಣು

ತಿಯಾಂಗ್ ಮಾಮನಿಗೆ ವಾಸನೆ ತಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಊರಿಗೆಲ್ಲ ಬಂದ ಜ್ವರ ಅವನಿಗೂ ಬಂತು. ಜ್ವರ ಬಿಟ್ಟಿತು, ಮೂಗು ಮರಳಲಿಲ್ಲ. ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಯೂಲಿ ಪಟ್ಟಣದ ಡಾಕ್ಟರು ಹೇಳಿದ್ದು ಸುಳ್ಳಾಯಿತು. ಹಳಸಿದ ಅನ್ನವನ್ನೂ ಆಗತಾನೆ ಇಳಿಸಿದ ಅನ್ನವನ್ನೂ ಅವನು ಒಂದೇ ಮುಖ ಮಾಡಿಕೊಂಡು ತಿನ್ನತೊಡಗಿದ. ಚಾರಣಿಗರ ಸಾಮಾನು ಹೊತ್ತು ಬೆಟ್ಟ ಹತ್ತುವ ನಮ್ಮ ಕೆಲಸಕ್ಕೆ ಇದು ದೊಡ್ಡ ಊನವೇನಲ್ಲ. ನಾಲ್ಕು ದಿನ ಸ್ನಾನ ಕಾಣದ ಹನ್ನೆರಡು ಜನರ ಹಿಂದೆ ನಡೆಯುವವನಿಗೆ ಮೂಗಿಲ್ಲದಿರುವುದೇ ಪುಣ್ಯ ಎಂದು ಜೊತೆಯ ಹೊರೆಯಾಳುಗಳು ನಗುತ್ತಿದ್ದರು. ಬೆಟ್ಟದ ಬುಡಕಟ್ಟಾದ ನಮ್ಮ ಬುನುನ್ ಜನರಲ್ಲಿ ಕಾಡಿಗೆ ಹೊರಟಾಗ ಯಾರಾದರೂ ಸೀನಿದರೆ, ಹೂಸು ಬಿಟ್ಟರೆ ಶಕುನ ಕೆಟ್ಟಂತೆ. ಹೊರೆ ಇಳಿಸಿ ಕೂರಬೇಕು, ಇಲ್ಲವೇ ಮನೆಗೆ ತಿರುಗಬೇಕು. "ತಿಯಾಂಗ್ ಜೊತೆ ಹೋಗ್ರೋ. ಸದ್ದಾಗ್ದಂಗೆ ನೋಡ್ಕೊಂಡ್ರೆ ಸಾಕು, ಶಕುನ ಕೆಡೋದೇ ಇಲ್ಲ" ಎನ್ನುವುದು ಅವರ ಹಳೇ ತಮಾಷೆ. ಮಾಮನೂ ನಗುತ್ತಿದ್ದ.

ಆದರೆ ಒಂದು ಕೆಲಸಕ್ಕೆ ಅವನಿಗೆ ಮೂಗು ಬೇಕೇಬೇಕಿತ್ತು.

ಅವನ ಅಪ್ಪ, ಅಂದರೆ ನನ್ನ ತಾಯಿಯ ಅಪ್ಪ ಹುಸುಂಗ್, ಲಾಕುಲಾಕು ಹೊಳೆಯ ಕಮರಿಯೊಳಗೆ ಹುಟ್ಟಿದವನು. ಕಮರಿಯಲ್ಲಿದ್ದ ನಮ್ಮವರ ಮನೆಗಳನ್ನೆಲ್ಲ, ಆಗ ನಮ್ಮನ್ನು ಆಳುತ್ತಿದ್ದ ಜಪಾನಿನ ಪೊಲೀಸರು ಖಾಲಿ ಮಾಡಿಸಿ ಬಯಲಿಗೆ ಇಳಿಸಿದಾಗ ಅಜ್ಜನಿಗೆ ಏಳು ವರ್ಷ. ಆ ದಿನ ಅವನಿಗೆ ಮೈ ಸುಡುವ ಜ್ವರ. ಅವನಪ್ಪ ಅವನನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿ, ತಲೆ ಮೇಲೆ ಕಂಬಳಿ ಎಳೆದು ಹೊತ್ತು ತಂದಿದ್ದ. ಹಾಗಾಗಿ ಅಜ್ಜ ದಾರಿಯನ್ನು ನೋಡಲಿಲ್ಲ, ಮೂಸಿದ. ಸಾಯುವವರೆಗೂ ಅದನ್ನೇ ಹೇಳುತ್ತಿದ್ದ. "ಮೊದ್ಲು ನಮ್ಮನೆ ಹೊಗೆ. ಆಮೇಲೆ ಬಿಳೀ ಹೂವು. ಆಮೇಲೆ ಕರ್ಪೂರದ ಮರ. ಆಮೇಲೆ ಕೊಳೆತ ಮೊಟ್ಟೆ. ಆಮೇಲೆ ಎಲ್ರೂ ಅಳ್ತಿದ್ರು, ನಂಗೆ ಹಸಿವು." ಮನೆಯ ಮುಂದೆ ಕೆಂಪು ತೊಗಟೆಯ ಎರಡು ಮರ, ಬಾಗಿಲ ಎಡಕ್ಕೆ ಹಂದಿಗೆ ಮೇವಿಡುವ ತೊಟ್ಟಿಕಲ್ಲು. ಒಳಗೆ, ನೆಲದ ಚಪ್ಪಡಿಗಳ ಕೆಳಗೆ, ಐದು ಜನ. ಒಳ್ಳೆಯ ಸಾವು ಸತ್ತವರನ್ನು ನಮ್ಮವರು ಮನೆಯೊಳಗೇ ಹೂಳುತ್ತಿದ್ದರು. ಮೊಣಕಾಲನ್ನು ಎದೆಗೊತ್ತಿ ಕೂರಿಸಿ, ಮಣ್ಣು ತುಂಬಿ, ಮೇಲೆ ಚಪ್ಪಡಿ ಎಳೆದು, ಅದರ ಮೇಲೆಯೇ ಮಲಗಿ ಏಳುತ್ತಿದ್ದರು. ಹೊರಗೆ ಹೂಳುವುದು ಬಂಡೆಯಿಂದ ಬಿದ್ದು ಸತ್ತವರನ್ನು, ಹಗೆಗಳ ಕೈಲಿ ತಲೆ ಕಡಿಸಿಕೊಂಡವರನ್ನು.

ಅಜ್ಜನನ್ನು ಚರ್ಚಿನ ಹಿಂದೆ ಸಿಮೆಂಟು ಗೋರಿಯಲ್ಲಿ ಹೂಳಿದರು. ಸಾಯುವ ಮೊದಲು ಅವನು ಮಾಮನಿಗೆ ಒಂದೇ ಮಾತು ಹೇಳಿದ್ದ: ಮನೆಗೆ ಹೋಗು, ಒಲೆಗಲ್ಲು ಮೂರಿವೆ, ಒಂದನ್ನು ತಂದು ನನ್ನ ತಲೆ ಹತ್ತಿರ ಇಡು. ದಾರಿಯನ್ನು ಹೊರಗಿನವರಿಗೆ ಹೇಳಬೇಡ.

ಆ ಕಡೆಯ ಕವಲುದಾರಿ ಚಂಡಮಾರುತಕ್ಕೆ ಕುಸಿದು, ಯಾರೂ ಹೋಗಬಾರದೆಂದು ಸರ್ಕಾರ ಮುಚ್ಚಿತ್ತು. ಮಾಮ ಹನ್ನೆರಡು ವರ್ಷ ಮುಖ್ಯ ದಾರಿಯಲ್ಲಿ ಕಂಡವರ ಟೆಂಟು, ಕಂಡವರ ಅಕ್ಕಿ, ಕಂಡವರ ವಿಸ್ಕಿ ಹೊತ್ತುಕೊಂಡು ಆ ಕವಲಿನ ಮುಂದೆ ಹಾದುಹೋದ. ಈ ವರ್ಷ ಕವಲು ತೆರೆಯಿತು. ತೈಚುಂಗ್ ನಗರದಿಂದ ಚಾರಣದ ಗುಂಪು ಕಟ್ಟಿಕೊಂಡು ಬರುವ ಲಿಯಾವ್ ಎಂಬಾತ, ನವೆಂಬರಿನಲ್ಲಿ ಹನ್ನೆರಡು ಜನರನ್ನು ಕರೆತರುವ ಮುಂಚೆ ದಾರಿ ನೋಡಿಬರಬೇಕು, ಇಬ್ಬರು ಹೊರೆಯಾಳು ಬೇಕು ಎಂದ. ಮಾಮ ಒಪ್ಪಿದ. ಇನ್ನೊಬ್ಬರಾಗಿ ನನ್ನ ಹೆಸರು ಹೇಳಿದ. ನನಗೆ ಇಪ್ಪತ್ನಾಲ್ಕು, ಹೊರೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ನನ್ನೇ ಯಾಕೆ ಮಾಮ? ಬಾಲಿ ಇದಾನೆ, ನನಗಿಂತ ಹತ್ತು ಕೆ.ಜಿ. ಜಾಸ್ತಿ ಹೊರ್ತಾನೆ."

"ಬಾಲಿ ಸಿಗರೇಟು ಸೇದ್ತಾನೆ. ಅವನ ಮೂಗು ಚಿಮಣಿ. ನಂಗೆ ಮೂಗು ಬೇಕು ಕಣೇ ಇಬು, ಬೆನ್ನಲ್ಲ."

ಅಕ್ಟೋಬರಿನ ಒಂದು ಬೆಳಿಗ್ಗೆ ಹೊರಟೆವು. ಮಾಮನ ಹೊರೆಯಲ್ಲಿ, ಅಕ್ಕಿ ಚೀಲದ ನಡುವೆ, ಅಮ್ಮ ಮಾಡಿಕೊಟ್ಟ ನವಣೆ ಹೆಂಡದ ಒಂದು ಬಾಟಲಿ ಇತ್ತು. ಸತ್ತವರಿಗೆ ಹೊಯ್ಯಲು.

ಆ ದಾರಿಯ ಬಗ್ಗೆ ಚಾರಣಿಗರು ಬಹಳ ಚೆಂದವಾಗಿ ಬರೆಯುತ್ತಾರೆ. ನಡೆಯುವವರಿಗೆ ಅದು ಒಬ್ಬರ ಹಿಂದೆ ಒಬ್ಬರು ಹೋಗಬೇಕಾದ ಒಂಟಿ ಕಾಲುದಾರಿ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದರ ತಳದಲ್ಲಿ ಹೊಳೆ. ಮರಗಳು ಎಷ್ಟು ಒತ್ತಾಗಿವೆ ಎಂದರೆ ಹೊಳೆ ಕಾಣುವುದಿಲ್ಲ, ಕೇಳುತ್ತದೆ. ನಮ್ಮನ್ನು ಹತೋಟಿಯಲ್ಲಿಡಲು ಪೊಲೀಸರು ಮಾಡಿಸಿದ ದಾರಿ ಅದು. ಕಡಿದವರು ನಮ್ಮ ಮುತ್ತಜ್ಜಂದಿರೇ.

ಮೊದಲ ಎರಡು ತಾಸು ಇಂಬಳ. ಎಲೆಯ ತುದಿಯಲ್ಲಿ ನಿಂತು ಮೈಯನ್ನು ಗಾಳಿಯಲ್ಲಿ ಆಡಿಸುತ್ತ ಕಾಯುತ್ತಿರುತ್ತವೆ. ಲಿಯಾವ್ ಶುಚಿಯ ಮನುಷ್ಯ. ಹೆಜ್ಜೆಗೊಮ್ಮೆ ಕೈಗೆ ಸ್ಯಾನಿಟೈಸರ್ ಹಚ್ಚುತ್ತಿದ್ದ. ಮೊದಲ ತೂಗುಸೇತುವೆಯ ಹತ್ತಿರ ಅಂಗಿ ಎತ್ತಿ ನೋಡಿಕೊಂಡರೆ ಅವನ ಹೊಕ್ಕುಳೊಳಗೆ ಒಂದು ಇಂಬಳ ಹೊಕ್ಕು ದ್ರಾಕ್ಷಿಯಷ್ಟು ದಪ್ಪಗಾಗಿತ್ತು.

"ತಿಯಾಂಗಣ್ಣ! ತೆಗೀರಿ ಇದನ್ನ, ತೆಗೀರಿ!"

"ಬಿಡಿ ಲೀಡರ್, ಪಾಪ ಊಟ ಮುಗಿಸ್ಲಿ. ಅರ್ಧಕ್ಕೆ ಎಬ್ಬಿಸಿದ್ರೆ ಒಳಗೇ ವಾಂತಿ ಮಾಡ್ಕೊಳುತ್ತೆ."

"ಒಳಗಾ?"

"ನಿಮ್ಮೊಳಗೆ."

ಲಿಯಾವ್ ಕಿರುಚಿದ. ನಾನು ಉಪ್ಪು ಹಾಕಿ ತೆಗೆದೆ. ಹೊಕ್ಕುಳಿನಿಂದ ರಕ್ತ ಹರಿದು ಚಡ್ಡಿಯ ಪಟ್ಟಿ ನೆನೆಯಿತು.

ಇಂಬಳದ ಬಗ್ಗೆ ನನಗೆ ಹೇಸಿಗೆಯಿಲ್ಲ. ಅದಕ್ಕೆ ಬೇಕಾದ್ದು ರಕ್ತ, ಕುಡಿದು ಉದುರುತ್ತದೆ. ಹೇಸಿಗೆ ಮನುಷ್ಯರದು. ದಾರಿಯ ಪ್ರತಿ ತಿರುವಿನಲ್ಲಿ, ಒಬ್ಬ ಕೂರಬಹುದಾದ ಪ್ರತಿ ಬಂಡೆಯ ಹಿಂದೆ, ಒದ್ದೆ ಟಿಶ್ಯೂ. ಮಳೆಗೆ ಕರಗದ ಜಾತಿಯದು. ಕಾಡುಹಂದಿ ಅಗೆದು ಎಳೆದಾಡಿ ಜರಿಗಿಡಕ್ಕೆ ಸಿಕ್ಕಿಸಿದ್ದು. ನೀರು ಹಿಡಿಯುವ ಝರಿಯ ಮಡುವಿನಲ್ಲಿ ಯಾರೋ ಚೆಲ್ಲಿದ ನೂಡಲ್ಸ್ ಸಾರು, ಮೇಲೆ ಕಿತ್ತಳೆ ಬಣ್ಣದ ಜಿಡ್ಡು, ಜಿಡ್ಡಿನಲ್ಲಿ ಸಿಕ್ಕಿ ಸತ್ತ ನೊಣ. ನಾವು ಅದರ ಮೇಲಿನಿಂದ ನೀರು ಹಿಡಿದುಕೊಂಡೆವು. ಅದಕ್ಕೂ ಮೇಲೆ ಏನಿದೆಯೋ ಎಂದು ಕೇಳುವವನು ಈ ಕೆಲಸದಲ್ಲಿ ಬಾಯಾರಿ ಸಾಯುತ್ತಾನೆ.

ನಾಲ್ಕು ಗಂಟೆಗೆ ಕವಲು ಬಂತು. ಅದರಾಚೆ ದಾರಿ ಇನ್ನೂ ಸಣ್ಣದು, ಒಂದು ಪಾದದಗಲ. ಸ್ವಲ್ಪ ಹೊತ್ತಿಗೆ ನನ್ನ ಮೂಗಿಗೆ ಬಡಿಯಿತು.

"ಮಾಮ, ಕೊಳೆತ ಮೊಟ್ಟೆ."

ಮಾಮ ನಿಂತ. ಹೊರೆಯ ಭಾರ ಹಿಡಿಯುವ ಹಣೆಪಟ್ಟಿಯಡಿ ಎರಡು ಬೆರಳು ತೂರಿಸಿ ನನ್ನ ಕಡೆ ತಿರುಗಿದ. "ಸರಿಯಾಗಿ ಮೂಸೇ."

"ಸರಿಯಾಗೇ ಮೂಸಿದೀನಿ. ಯಾರದೋ ಹೊಟ್ಟೆದಲ್ಲ. ಬಂಡೆಯಿಂದ ಬರ್ತಾ ಇದೆ, ಬಿಸಿನೀರಿನ ಬುಗ್ಗೆ."

ಬಂಡೆಯ ಸೀಳಿನಿಂದ ಹಳದಿ ಕಟ್ಟಿದ ಬಿಸಿನೀರು ಒಸರುತ್ತಿತ್ತು. ಮಾಮ ಅದರ ಮೇಲೆ ಅಂಗೈ ಇಟ್ಟು, ಸುಟ್ಟುಕೊಂಡು, ನಕ್ಕ. ಅವನ ಮುಖದ ಮೇಲೆ ಅಷ್ಟು ದೊಡ್ಡ ನಗು ನಾನು ನೋಡಿರಲಿಲ್ಲ. ಅಲ್ಲೇ ಹತ್ತಿರ ತಂಗಿದೆವು.

ಮರುದಿನ ಹತ್ತು ಗಂಟೆಗೆ ಕರ್ಪೂರದ ಮರಗಳು. ಸುತ್ತು ಹಿಡಿಯಲು ಐದು ಜನ ಬೇಕಾಗುವಂಥವು. ಒಂದರ ಬೇರಿನ ಮೇಲೆ ಕೂತು ತಣ್ಣಗಿನ ಅನ್ನದುಂಡೆ ತಿಂದೆವು. ಮಾಮ ತಿನ್ನಲಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದ. ಮೊಟ್ಟೆ, ಕರ್ಪೂರ, ಇನ್ನು ಹೂವು, ಹೊಗೆ.

"ಇವತ್ತಿನ ಕ್ಯಾಂಪು ಜಾಗ ಬಹಳ ಚೆನ್ನಾಗಿದೆಯಂತೆ ತಿಯಾಂಗಣ್ಣ. ಸಪಾಟು, ನೀರು ಹತ್ತಿರ, ಗಾಳಿಗೆ ಗೋಡೆ ಬೇರೆ. ಮೂರು ವರ್ಷದಿಂದ ಗೊತ್ತಿರೋರು ಹೋಗಿ ಬರ್ತಾನೇ ಇದಾರೆ, ಪರ್ಮಿಟ್ಟು ಗಿರ್ಮಿಟ್ಟು ಏನೂ ಇಲ್ದೆ" ಎಂದ ಲಿಯಾವ್, ಫೋನು ಉಜ್ಜುತ್ತ.

"ಈ ಕಮರೀಲಿ ಸಪಾಟು ಜಾಗವೇ? ಯಾರು ಹೇಳಿದ್ದು?"

"ಆಪಿನಲ್ಲಿದೆ. ಜಿಪಿಎಸ್ ಜಾಡು ಇಳಿಸ್ಕೊಂಡು ಬಂದಿದೀನಿ. ತಮಾಷೆಯಾಗಿ ಬರ್ದಿದಾನೆ ಕೇಳಿ." ಅವನು ಗಂಟಲು ಸರಿಮಾಡಿಕೊಂಡು ಓದಿದ: "'ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಗಾಬರಿಯಾಗಬೇಡಿ, ಬಿಸಿನೀರಿನ ಬುಗ್ಗೆ. ಆಮೇಲೆ ಕರ್ಪೂರದ ಮರಗಳು. ಆಮೇಲೆ ಬಿಳಿ ಹೂವು. ಆಮೇಲೆ ಕೆಂಪು ತೊಗಟೆಯ ಎರಡು ಮರ, ಎಡಕ್ಕೆ ಹಂದಿ ತೊಟ್ಟಿ. ಅದೇ ಜಾಗ. ಒಬ್ಬ ಮುದುಕ ಹೊರೆಯಾಳು ಎರಡು ಗ್ಲಾಸಿಗೆ ಇಷ್ಟು ಹೇಳಿದ, ಮೂರನೇದಕ್ಕೆ ಅತ್ತ. ಉಳಿದದ್ದು ನೆಲದ ನಕ್ಷೆ ನೋಡಿ ನಾವೇ ಹುಡುಕಿಕೊಂಡೆವು. ಕ್ಯಾಂಪಿನ ಹೆಸರು: ಮುದುಕನ ಮನೆ.'"

ಲಿಯಾವ್ ಒಬ್ಬನೇ ನಗುತ್ತಿದ್ದ. ನಗು ಮೆಲ್ಲಗೆ ನಿಂತಿತು.

"ಯಾವಾಗ ಬರ್ದಿದ್ದು?" ಎಂದ ಮಾಮ.

"ಮೂರು ವರ್ಷ ಆಯ್ತು."

"ಆಗ ನಂಗೆ ಐವತ್ತೆರಡು. ಮುದುಕನಂತೆ!"

ಅಷ್ಟೇ ಹೇಳಿ ಹೊರೆ ಎತ್ತಿದ. ನಾನು ಅವನ ಹಿಂದೆ ಓಡಬೇಕಾಯಿತು. ಲಿಯಾವ್ ನನ್ನ ಹಿಂದಿನಿಂದ ಪಿಸುಗುಟ್ಟಿದ, "ಅವರೇನಾ? ಇಬು, ಅವರೇನಾ ಅದು?" ನಾನು ಮಾಮನ ಹೆಜ್ಜೆ ಹಿಡಿದು ನಡೆದೆ.

ಮಾಮ ಯಾಕೆ ಹೇಳಿದನೆಂದು ನನಗೆ ಗೊತ್ತಿತ್ತು. ಸಂಜೆ ಅಡುಗೆಯಾದ ಮೇಲೆ ಪ್ರತಿ ಗುಂಪಿನಲ್ಲೂ ಅವನು ಕೇಳುತ್ತಿದ್ದ. ನೀವು ಅಲ್ಲಿ ಇಲ್ಲಿ ತಿರುಗೋರು, ಇಂಥ ಮರ, ಇಂಥ ತೊಟ್ಟಿ, ಎಲ್ಲಾದ್ರೂ ಕಂಡಿದೀರಾ? ಅದು ದಾರಿ ಹೇಳಿದಂತಾಗುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಕೇಳುತ್ತಿದ್ದೇನೆ ಎಂದುಕೊಂಡಿದ್ದ. ಅವನ ಫೋನು ಗುಂಡಿ ಒತ್ತುವಂಥದ್ದು. ಆ ಆಪು ನನ್ನ ಫೋನಿನಲ್ಲಿತ್ತು. 'ಮುದುಕನ ಮನೆ' ಎಂಬ ಹೆಸರನ್ನು ನಾನು ಹತ್ತಾರು ಸಲ ನೋಡಿ ಬೆರಳಾಡಿಸಿ ದಾಟಿಸಿದ್ದೆ. ಯಾವುದೋ ಮುದುಕ, ಯಾವುದೋ ಮನೆ.

ಹನ್ನೆರಡರ ಹೊತ್ತಿಗೆ ದಾರಿ ಹೊಳೆಯ ಕಡೆ ಇಳಿದು ಮತ್ತೆ ಏರಿತು. ಏರಿನ ತುದಿಯಲ್ಲಿ ಬಿಳಿ ಬಿಳಿಯಾಗಿ ಕಂಡಿತು.

"ಹೂವು ಮಾಮ."

ಹತ್ತಿರ ಹೋದರೆ ಟಿಶ್ಯೂ. ಇಡೀ ಇಳಿಜಾರಿನ ತುಂಬ, ಹಂದಿ ಕೆದರಿ ಹರಡಿದ್ದು. ಅದರ ಮೇಲ್ಗಡೆ, ನೀರು ಜಿನುಗುವ ಬಂಡೆಯ ಬುಡದಲ್ಲಿ, ನಿಜವಾದ ಹೂವೂ ಇತ್ತು. ಸುರುಳಿ ಸುಗಂಧಿ, ದೊಡ್ಡ ಹಿಂಡಲು. ಅದರ ವಾಸನೆ ಸಿಹಿಯಾಗಿ, ಗಟ್ಟಿಯಾಗಿ ಬಂತು. ಸಿಹಿಯ ಒಳಗಿನಿಂದ ಇನ್ನೊಂದು ಬಂತು. ಬಿಸಿಲಿಗೆ ಕಾದ ಹೇಲಿನ ವಾಸನೆ. ಎರಡೂ ಒಂದನ್ನೊಂದು ಅಪ್ಪಿಕೊಂಡಿದ್ದವು. ಎಲ್ಲಿ ಹೂವು ಮುಗಿದು ಎಲ್ಲಿ ಅದು ಶುರುವಾಗುತ್ತದೆ ಎಂದು ಹೇಳುವುದು ನನ್ನ ಮೂಗಿಗೂ ಸಾಧ್ಯವಿರಲಿಲ್ಲ.

"ಹೂವು ತಾನೇ?" ಮಾಮ ಮೇಲಿನಿಂದ ಕೂಗಿದ. ಟಿಶ್ಯೂವನ್ನು ಅವನು ಕಂಡಿರಲೇಬೇಕು, ಆದರೆ ಅವನ ಕಣ್ಣು ಆಗಲೇ ಮುಂದಕ್ಕೆ ಹೋಗಿತ್ತು. ಕೆಂಪು ತೊಗಟೆಯ ಎರಡು ಮರ ಅವನಿಗೆ ಕಂಡಿದ್ದವು.

"ಹೂವೇ. ಮಾಮ, ನಿಲ್ಲು. ನಾನೂ ಬರ್ತೀನಿ, ನಿಲ್ಲು."

ಅವನು ನಿಲ್ಲಲಿಲ್ಲ. ಮರಗಳ ನಡುವೆ ಹೊರೆ ಇಳಿಸಿದ. ಹೆಂಡದ ಬಾಟಲಿ ತೆಗೆದು ಕಂಕುಳಲ್ಲಿಟ್ಟುಕೊಂಡ. ತೊಟ್ಟಿಕಲ್ಲಿನ ಮೇಲೆ ಕೈಯಾಡಿಸಿದ. ಅದರ ತುಂಬ ಬಿಯರಿನ ಡಬ್ಬಿಗಳಿದ್ದವು. ಬಾಗಿಲ ಮೇಲಿನ ಕಲ್ಲು ಕೆಳಗೆ ಬಿದ್ದು ಎರಡಾಗಿತ್ತು. ಅದನ್ನು ದಾಟದೆ ಹೊರಗೆ ನಿಂತು, ನಮ್ಮ ಮಾತಿನಲ್ಲಿ, ಮನೆಯೊಳಗೆ ಯಾರೋ ಒಲೆ ಮುಂದೆ ಕೂತಿದ್ದಾರೆ ಎಂಬ ಹಾಗೆ ಕೂಗಿ ಹೇಳಿದ, "ನಾನು, ಹುಸುಂಗನ ಮಗ. ತಡ ಆಯ್ತು." ಒಳಗೆ ಹೋದ. ಎದೆಮಟ್ಟದ ಗೋಡೆಗಳ ನಡುವೆ, ಮನೆಯ ಹಿಂಭಾಗದಲ್ಲಿ, ಅವನು ಕುಸಿದು ಮಂಡಿಯೂರಿದ್ದು ನನಗೆ ಕಂಡಿತು.

ನಾನು ಬಾಗಿಲಿಗೆ ಬಂದಾಗ ಅವನು ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಕಣ್ಣು ಮುಚ್ಚಿತ್ತು.

"ಇಬು. ಗೋಡೆ ಮೂಸು. ಹೊಗೆ ವಾಸನೆ ಇದೆಯಾ? ಮಳೇಲೂ ಹೋಗಲ್ಲ ಅಂತಿದ್ದ ಅಪ್ಪ."

"ಏಳು ಮಾಮ."

"ಮೊದ್ಲು ಹೇಳು. ಇದೆಯಾ?"

"ಇಲ್ಲ. ಏಳು."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ. ಹೇಲಿನ ವಾಸನೆ ಇದೆ. ಅದೊಂದೇ ಇರೋದು."

"ಎಲ್ಲಿ?"

"ನಿನ್ನ ಕೈಯಲ್ಲಿ."

ಅವನು ಬಲಗೈ ಎತ್ತಿ ನೋಡಿಕೊಂಡ. ಮಣ್ಣಿನ ಜೊತೆ ಕಂದು ಬಣ್ಣದ್ದು ಮೆತ್ತಿತ್ತು, ಅದಕ್ಕೊಂದು ಟಿಶ್ಯೂ ಅಂಟಿತ್ತು. ಹಳೇ ಅಭ್ಯಾಸದಂತೆ ಮೂಗಿನ ಹತ್ತಿರ ಒಯ್ದ. ಮೂಸಿದ. ಮತ್ತೊಮ್ಮೆ ಮೂಸಿದ. ಏನೂ ತಿಳಿಯದವನ ಮುಖ ಹಾಗೇ ನನ್ನ ಕಡೆ ತಿರುಗಿತು.

ಹಿಂದೆ ಲಿಯಾವ್ ಗೋಡೆ ಹಿಡಿದುಕೊಂಡು ವಾಂತಿ ಮಾಡತೊಡಗಿದ.

"ಗೋಡೆ ಮೇಲೆ ಬೇಡ ಲೀಡರ್" ಎಂದೆ. "ಹೊರಗೆ. ಹೊಳೆ ಕಡೆಗೂ ಬೇಡ."

ಮನೆ ಎರಡು ಅಂಕಣದ್ದು. ಮುಂದಿನ ಅಂಕಣದಲ್ಲಿ ಟೆಂಟು ಹಾಕಿದ ಗುರುತು. ಅಲ್ಲಿ ಚಪ್ಪಡಿಗಳನ್ನು ಬಿಟ್ಟಿದ್ದರು, ಮಲಗಲು ಸಮತಟ್ಟಾಗಿವೆಯಲ್ಲ. ಹಿಂದಿನ ಅಂಕಣದಲ್ಲಿ ಚಪ್ಪಡಿಗಳನ್ನು ಎಬ್ಬಿಸಿ ಹೊರಗೆ ಒಯ್ದು ಅಡುಗೆ ಕಟ್ಟೆ, ಊಟದ ಮೇಜು, ಕೂರುವ ಬೆಂಚು ಮಾಡಿಕೊಂಡಿದ್ದರು. ಚಪ್ಪಡಿ ಎತ್ತಿದ ಕಡೆ ಮಣ್ಣು ಬರಿದಾಗಿತ್ತು. ಅಲ್ಲಿ ಗುಂಡಿಗಳು. ಎಣಿಸುತ್ತ ಹೋಗಿ ಮೂವತ್ತಕ್ಕೆ ಬಿಟ್ಟೆ. ಒಂದೊಂದೂ ಅಂಗೈ ಆಳ, ಅಂಗೈ ಅಗಲ. ಒಂದೊಂದರ ಮೇಲೂ ಅಚ್ಚುಕಟ್ಟಾಗಿ ಮಣ್ಣೆಳೆದು ಕಲ್ಲಿಟ್ಟಿದ್ದು. ಹೆಚ್ಚಿನವನ್ನು ಹಂದಿಗಳು ಮತ್ತೆ ತೆರೆದಿದ್ದವು.

ಲಿಯಾವ್ ಬಾಯಿ ಒರೆಸಿಕೊಂಡು ಬಂದ, ಮುಖಕ್ಕೆ ಎರಡು ಮಾಸ್ಕು ಕಟ್ಟಿಕೊಂಡಿದ್ದ. ನೋಡಿದ. "ಆದ್ರೆ..." ಎಂದ. "ನಿಯಮದ ಪ್ರಕಾರಾನೇ ಮಾಡಿದಾರೆ. ನೀರಿನಿಂದ ಅರವತ್ತು ಹೆಜ್ಜೆ. ಗುಂಡಿ ತೋಡಿ, ಮುಚ್ಚಿ, ಮೇಲೆ ಕಲ್ಲು."

"ಮೆತ್ತನೆ ಮಣ್ಣು ಇರೋ ಕಡೆ" ಎಂದೆ ನಾನು.

ಆ ವಾಕ್ಯ ನನ್ನದೇ. ಪ್ರತಿ ಗುಂಪಿನ ಮೊದಲ ಸಂಜೆ, ಚಾರಣಿಗರನ್ನು ನಿಲ್ಲಿಸಿ ನಾವು ಹೊರೆಯಾಳುಗಳು ಹೇಳಿಕೊಡುವ ಪಾಠ. ನೀರಿನಿಂದ ದೂರ ಹೋಗಿ, ಮೆತ್ತನೆ ಮಣ್ಣು ನೋಡಿ ತೋಡಿ, ಮುಚ್ಚಿ, ಕಲ್ಲಿಡಿ. ನಾನು ಅದನ್ನು ನಗಿಸುತ್ತ ಹೇಳುತ್ತೇನೆ, ಬೆಕ್ಕಿನ ಹಾಗೆ ಕೂತು ತೋರಿಸುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮಾಮ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾನೆ, ನನಗೆ ಕಲಿಸಿದವನೂ ಅವನೇ. ಇಲ್ಲಿಗೆ ಬಂದವರು ನಮ್ಮಂಥವರಿಂದಲೇ ಕಲಿತಿದ್ದರು. ಚೆನ್ನಾಗಿ ಕಲಿತಿದ್ದರು.

"ಇದು ಪೂರ್ತಿ ಕಲ್ಲಿನ ಕಮರಿ ಲೀಡರ್" ಎಂದ ಮಾಮ, ಕೂತಲ್ಲಿಂದಲೇ. ದನಿ ತಗ್ಗಿತ್ತು. "ಗುದ್ದಲಿ ಹಾಕಿದ್ರೆ ಕಿಡಿ ಹಾರುತ್ತೆ. ಇಷ್ಟಗಲ ಮಾತ್ರ ಮಣ್ಣು ಮೆತ್ತಗಿದೆ. ಯಾಕೆ ಅಂತ ಒಬ್ಬನೂ ಕೇಳ್ಲಿಲ್ವಾ?"

"ಯಾಕೆ?" ಎಂದ ಲಿಯಾವ್.

"ನಮ್ಮವರು ಅಗೆದಿದ್ದು ಅದು. ಕೂರಿಸೋಕೆ."

ಲಿಯಾವ್ ತನ್ನ ಬೂಟು ನೋಡಿಕೊಂಡ. ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಒಂಟಿ ಕಾಲಲ್ಲಿ ನಿಂತ.

ಅಂದು ಸಂಜೆಯ ತನಕ ನಾವು ಮಾಡಿದ್ದು ಕಂಡವರ ಹೇಲು ಬಾಚುವ ಕೆಲಸ. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಅಕ್ಕಿಯನ್ನು ಟೆಂಟಿನ ಚೀಲಕ್ಕೆ ಸುರಿದು, ಎರಡು ಅಕ್ಕಿ ಚೀಲ ಖಾಲಿ ಮಾಡಿಕೊಂಡೆವು. ಲಿಯಾವ್ ತನ್ನ ಮಡಚುವ ಸಲಿಕೆ ಕೊಟ್ಟ. ಮೊದಲು ಕೊಟ್ಟು ದೂರ ಕೂತ, ಅರ್ಧ ಗಂಟೆಯ ಮೇಲೆ ಎದ್ದು ಬಂದು ತಾನೂ ಕೈಹಾಕಿದ. ಇಷ್ಟನ್ನು ಅವನ ಪರವಾಗಿ ಹೇಳಬೇಕು. ಹಳೆಯವು ಒಣಗಿ ಪುಡಿಯಾಗಿದ್ದವು, ಪರವಾಗಿಲ್ಲ. ಹೋದ ವಾರದವು ಸಲಿಕೆಗೆ ಮೆತ್ತುತ್ತಿದ್ದವು. ಬಿಳಿ ಹುಳ. ಹಸಿರು ನೊಣ ತುಟಿಯ ಮೇಲೆ ಬಂದು ಕೂರುತ್ತಿತ್ತು, ಅದು ಎಲ್ಲಿಂದ ಎದ್ದು ಬಂದಿದೆ ಎಂದು ನೋಡುತ್ತಿರುವಾಗಲೇ. ನಾನು ಮೂರು ಸಲ ವಾಂತಿ ಮಾಡಿದೆ. ಮಾಮ ಒಂದು ಸಲವೂ ಇಲ್ಲ. ಸೊಪ್ಪಿನ ಮಡಿ ಅಗೆಯುವವನ ಹಾಗೆ ಮೊಣಕಾಲೂರಿ ಸಾಲಾಗಿ ಬರುತ್ತಿದ್ದ.

"ಮೂಗು ಹೋಗಿದ್ದು ಒಳ್ಳೇದೇ ಆಯ್ತು ಕಣೇ" ಎಂದ ಒಮ್ಮೆ. "ಬಾಯೂ ಹೋಗ್ಬೇಕಿತ್ತು. ಅದೇ ಮೊದ್ಲು ಹೋಗ್ಬೇಕಿತ್ತು."

ನಾನು ಚೀಲದ ಬಾಯಿ ಹಿಡಿದುಕೊಂಡೆ.

ಮೂರು ಕಡೆ ಹಂದಿ ಬಹಳ ಆಳಕ್ಕೆ ಅಗೆದಿತ್ತು. ಅಲ್ಲಿ ಮಣ್ಣು ಕೆಳಗಿನವರೆಗೂ ಕಲಸಿಹೋಗಿತ್ತು, ಒಳಗೆ ಕೂತಿದ್ದವರ ಗುರುತು ಉಳಿದಿರಲಿಲ್ಲ. ಒಂದರಲ್ಲಿ ಸಣ್ಣದೊಂದು ಮೂಳೆ, ಬೆರಳುದ್ದ. ಮಗುವಿನದೋ, ಯಾರೋ ತಿಂದೆಸೆದ ಕೋಳಿಯದೋ. ಮಾಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದ. ನನಗೆ ಕೊಟ್ಟ. ನನಗೂ ತಿಳಿಯಲಿಲ್ಲ. ಲಿಯಾವ್ ಫೋನಿನ ಟಾರ್ಚು ಹಾಕಿ ನೋಡಿದ, ಅವನಿಗೂ ತಿಳಿಯಲಿಲ್ಲ. ಕೋಳಿಯದಾದರೆ ಚೀಲಕ್ಕೆ, ಮಗುವಿನದಾದರೆ ಮಣ್ಣಿಗೆ. ಮೂರು ಜನ ದೊಡ್ಡವರು ಹೇಲಿನ ನಡುವೆ ಅದೊಂದನ್ನು ತೀರ್ಮಾನ ಮಾಡಲಾಗದೆ ನಿಂತಿದ್ದೆವು. ಕೊನೆಗೆ ಮಾಮ ಅದನ್ನು ಗೋಡೆಯ ಸಂದಿಯಲ್ಲಿಟ್ಟು ಮುಂದೆ ಕಲ್ಲು ಕೂರಿಸಿದ. ಮಣ್ಣಿಗೂ ಇಲ್ಲ, ಚೀಲಕ್ಕೂ ಇಲ್ಲ.

ಆಮೇಲೆ ಒಲೆಗಲ್ಲು ಹುಡುಕಿದೆವು. ಮನೆಯೊಳಗೆ ಒಲೆಯ ಜಾಗದಲ್ಲಿ ಮೂರು ಕುಳಿ ಮಾತ್ರ ಇದ್ದವು. ಕಲ್ಲುಗಳು ಹೊರಗೆ, ಬೆಂಕಿ ಹಾಕಿದ ಕಡೆ ಸಿಕ್ಕವು. ದೊಡ್ಡ ಬೆಂಕಿ ಹಾಕಿ, ಹೊರಡುವಾಗ ನಿಯಮದ ಪ್ರಕಾರ ಬಕೆಟ್ಟುಗಟ್ಟಲೆ ನೀರು ಸುರಿದು ಆರಿಸಿದ್ದರು. ಕಾದ ಕಲ್ಲು ತಣ್ಣೀರಿಗೆ ಸಿಡಿಯುತ್ತದೆ. ಎರಡು ಕಲ್ಲು ಹಾಗೆ ಒಡೆದು ಪದರ ಪದರವಾಗಿದ್ದವು. ಮೂರನೆಯದನ್ನು ಟೆಂಟಿನ ಗೂಟ ಹೊಡೆಯಲು ಬಳಸಿದ್ದರೆಂದು ಕಾಣುತ್ತದೆ, ಅದು ಹೋಳಾಗಿ ಒಂದು ಹೋಳು ಸಿಗಲಿಲ್ಲ.

"ಈ ಚೂರು ತಗೊಂಡ್ಹೋಗೋಣ" ಎಂದೆ. "ಅಜ್ಜನಿಗೆ ಚೂರಾದ್ರೇನು, ಇಡಿಯಾದ್ರೇನು?"

ಮಾಮ ಆ ಹೋಳನ್ನು ಎತ್ತಿ ತಿರುಗಿಸಿ ನೋಡಿದ. ಅದರ ಮಸಿಯ ಮೇಲೆ ಕಿತ್ತಳೆ ಜಿಡ್ಡು ಹೆಪ್ಪುಗಟ್ಟಿತ್ತು, ಜಿಡ್ಡಿನಲ್ಲಿ ಒಂದು ನೂಡಲ್ಸ್ ಎಳೆ. ಉಗುರಿನಿಂದ ಕೆರೆದ. ಬರಲಿಲ್ಲ.

"ಇದನ್ನ ಅಪ್ಪನ ತಲೆ ಹತ್ರ ಇಡ್ಲಾ?" ಎಂದ. ಇದ್ದಲ್ಲೇ ಇಟ್ಟ.

ಹೆಂಡದ ಬಾಟಲಿ ಉಳಿದಿತ್ತು. ಮಾಮ ಅದರ ಬಿರಟೆ ಕಿತ್ತ. ಬಾಗಿಲಲ್ಲಿ ನಿಂತು ಒಳಗಿನವರ ಐದು ಹೆಸರು ಹೇಳಿ, ಒಂದೊಂದು ಹೆಸರಿಗೆ ಒಂದೊಂದು ಹನಿ ಹೊಯ್ಯಬೇಕು, ಅದಕ್ಕೆಂದೇ ತಂದದ್ದು. ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ, ಅಂಗೈ ಗೆರೆಗಳಲ್ಲಿ ಇನ್ನೂ ಇತ್ತು. ಝರಿಯ ನೀರಿಗೆ ಹೋಗಿರಲಿಲ್ಲ.

"ಈ ಕೈಲಿ ಹೊಯ್ಯೋಕಾಗಲ್ಲ" ಎಂದ.

"ಲೀಡರ್ ಹತ್ರ ಸ್ಯಾನಿಟೈಸರ್ ಇದೆ ಮಾಮ."

"ಅವನದು ಅವನ ಕೈಗೆ."

ಬಾಟಲಿ ನನ್ನ ಕೈಗೆ ಕೊಟ್ಟು, ಎರಡೂ ಕೈ ಮುಂದೆ ಚಾಚಿದ. ನಾನು ಹೊಯ್ದೆ. ಅವನು ಸತ್ತವರ ಹೆಂಡದಲ್ಲಿ ಕೈ ತೊಳೆದುಕೊಂಡ, ಮೊಣಕೈವರೆಗೆ, ಉಜ್ಜಿ ಉಜ್ಜಿ, ಬಾಟಲಿ ಮುಗಿಯುವ ತನಕ. ಹುಳಿ ಹೆಂಡದ ವಾಸನೆ ಎದ್ದಿತು. ಒಳ್ಳೆಯ ಹೆಂಡ, ಅಮ್ಮ ಚೆನ್ನಾಗಿ ಮಾಡಿದ್ದಳು. ಆ ಮನೆಯಲ್ಲಿ ನನ್ನ ಮೂಗಿಗೆ ಬಂದ ಒಳ್ಳೆಯ ವಾಸನೆ ಅದೊಂದೇ. ಅದನ್ನು ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ.

ಮರುದಿನ ಹಿಂದಿರುಗಿದೆವು. ಲಿಯಾವ್ ಮುಂದಕ್ಕೆ ಹೋಗುವ ಮಾತೆತ್ತಲಿಲ್ಲ. ಎರಡು ಚೀಲಗಳನ್ನು ಮಾಮನೂ ನಾನೂ ಒಂದೊಂದು ಹೊತ್ತೆವು. ನನ್ನದು ಹದಿನೆಂಟು ಕೆ.ಜಿ.ಯಾದರೂ ಇತ್ತು. ಹಣೆಪಟ್ಟಿ ಹಾಕಿ ಹೊತ್ತಾಗ ಚೀಲದ ಬಾಯಿ ಸರಿಯಾಗಿ ಕತ್ತಿನ ಹಿಂದೆ ಬರುತ್ತದೆ. ಕರ್ಪೂರದ ಮರದ ಕೆಳಗೆ ನನಗೆ ಕರ್ಪೂರ ಬರಲಿಲ್ಲ. ಬುಗ್ಗೆಯ ಹತ್ತಿರ ಮೊಟ್ಟೆಯೂ ಬರಲಿಲ್ಲ. ಪೂರ್ತಿ ದಾರಿ ಒಂದೇ ವಾಸನೆ.

ಎದುರಿನಿಂದ ಒಂದು ಗುಂಪು ಸಿಕ್ಕಿತು, ಆರು ಜನ. ಒಂಟಿ ದಾರಿಯಲ್ಲಿ ಹೊರೆ ಹೊತ್ತವರಿಗೆ ಜಾಗ ಬಿಡುವುದು ರೂಢಿ. ಬಂಡೆಗೆ ಒತ್ತಿ ನಿಂತು ದಾರಿ ಬಿಟ್ಟರು, ಮೂಗು ಮುಚ್ಚಿಕೊಂಡರು. ಒಬ್ಬಳು ಕೇಳಿದಳು, "ಮುದುಕನ ಮನೆಗೆ ಇನ್ನೆಷ್ಟು ದೂರ ಅಣ್ಣ?"

ಮಾಮ ನಿಂತ. ಬಾಯಿ ತೆರೆದ. ಮುಚ್ಚಿದ. ನಡೆದ.

ಲಿಯಾವ್ ನಿಂತು ಅವರಿಗೆ ಏನೇನೋ ವಿವರಿಸಿದ. ಅವರು ತಲೆಯಾಡಿಸಿದರು. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವರು ಮೇಲಕ್ಕೇ ಹೋಗುತ್ತಿದ್ದರು. ಊರು ತಲುಪಿದ ಮೇಲೆ ಅವನು ಆಪಿನಲ್ಲೂ ಬರೆದ: ಅಲ್ಲಿ ನೆಲದಡಿ ಸಮಾಧಿಗಳಿವೆ, ದಯವಿಟ್ಟು ಹೋಗಬೇಡಿ. ಮೊದಲ ಉತ್ತರ ಹತ್ತು ನಿಮಿಷದಲ್ಲಿ ಬಂತು: ಹಾಗಾದರೆ ಅಲ್ಲೇ ಹತ್ತಿರ ಬೇರೆ ಸಪಾಟು ಜಾಗ ಎಲ್ಲಿದೆ?

ಅಮ್ಮ ಬಾಗಿಲಲ್ಲೇ ಕೇಳಿದಳು, ಕಲ್ಲೆಲ್ಲಿ ಎಂದು. ಮಾಮ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದ. ಅಜ್ಜನ ಮನೆಯಲ್ಲಿ ಏನೇನು ಹೋಗಿದೆ ಎಂದು ಅಮ್ಮ ಕೇಳಿದ್ದಕ್ಕೆ ನಾನೇ ಹೇಳಿದೆ. ನೆಲದ ಚಪ್ಪಡಿ ಹದಿನಾಲ್ಕರಲ್ಲಿ ಒಂಬತ್ತು. ಬಾಗಿಲ ಮೇಲಿನ ಕಲ್ಲು ಒಂದು. ಒಲೆಗಲ್ಲು ಮೂರಕ್ಕೆ ಮೂರು. ಸತ್ತವರು ಐದು ಜನರಲ್ಲಿ ಮೂರು. ಹೆಂಡ ಒಂದು ಬಾಟಲಿ.